ಪ್ರೋಟೀನಿನ ಆವೇಶಗಳು ಮತ್ತು ಪರದೆಗೆ ಸರಿದ ಸಮ್ಮೇಳನ



ದತ್ತಿ ಉಪನ್ಯಾಸಗಳಲ್ಲಿ ಒಂದು ಶಾಸ್ತ್ರದ ಸಾಧನೆಗಳನ್ನು ಸಾಲಾಗಿ ಹೇಳಿ ಮುಗಿಸುವುದು ರೂಢಿ. ನಾನು ಇಂದು ಆರಿಸಿಕೊಂಡಿರುವುದು ಶಾಸ್ತ್ರ ನಡೆಯುವ ರೀತಿಗೆ ಸಂಬಂಧಿಸಿದ ಒಂದು ಪ್ರಶ್ನೆಯನ್ನು. ವಿಜ್ಞಾನಿಗಳು ಒಂದೆಡೆ ಸೇರಿ ನಡೆಸುವ ಸಮ್ಮೇಳನವನ್ನು ಕಂಪ್ಯೂಟರಿನ ಪರದೆಗೆ ವರ್ಗಾಯಿಸಿದಾಗ ಏನು ದಾಟಿ ಬರುತ್ತದೆ, ಏನು ಆಚೆ ದಡದಲ್ಲೇ ಉಳಿಯುತ್ತದೆ? ಈ ಪ್ರಶ್ನೆಯನ್ನು ಎಲ್ಲ ವಿಜ್ಞಾನಗಳಿಗೂ ಒಟ್ಟಿಗೆ ಕೇಳಿದರೆ ಉತ್ತರ ತೆಳುವಾಗುತ್ತದೆ. ಆದ್ದರಿಂದ ಒಂದೇ ಶಾಸ್ತ್ರವನ್ನು ಹಿಡಿದು ನೋಡೋಣ: ಪ್ರೋಟೀನುಗಳ ಸ್ಥಿರವಿದ್ಯುತ್ ಶಾಸ್ತ್ರ. ಇದು ಚಿಕ್ಕ ಶಾಸ್ತ್ರ, ಹಳೆಯ ಶಾಸ್ತ್ರ, ಜಗಳಗಂಟ ಶಾಸ್ತ್ರವೂ ಹೌದು. ಆ ಕೊನೆಯ ಗುಣದಿಂದಲೇ ಅದು ನಮ್ಮ ಪ್ರಶ್ನೆಗೆ ಒದಗಿಬರುತ್ತದೆ. ಮೊದಲು ಆ ಶಾಸ್ತ್ರದ ವಿವಾದವೇನೆಂದು ಹೇಳುತ್ತೇನೆ. ಆಮೇಲೆ ಸಮ್ಮೇಳನವೆಂಬ ಸಂಸ್ಥೆ ನಿಜವಾಗಿ ಮಾಡುವ ಕೆಲಸಗಳನ್ನು ಬಿಡಿಸಿ ನೋಡಿ, 2020ರ ಅನುಭವ ಕಲಿಸಿದ್ದನ್ನು ಪರಿಶೀಲಿಸಿ, ನನ್ನ ವಾದಕ್ಕೆ ಬರಬಹುದಾದ ಆಕ್ಷೇಪಗಳಿಗೆ ಬರುತ್ತೇನೆ.

ಪ್ರೋಟೀನ್ ಎಂದರೆ ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಪೋಣಿಸಿದ ಸರಪಳಿ. ಅದು ಮಡಚಿಕೊಂಡು ತನ್ನದೇ ಆದ ಆಕಾರ ತಾಳುತ್ತದೆ. ಆ ಇಪ್ಪತ್ತರಲ್ಲಿ ಲೈಸಿನ್ ಮತ್ತು ಆರ್ಜಿನೈನ್ ಸಾಮಾನ್ಯವಾಗಿ ಧನ ಆವೇಶ ಹೊತ್ತಿರುತ್ತವೆ, ಆಸ್ಪಾರ್ಟಿಕ್ ಮತ್ತು ಗ್ಲುಟಾಮಿಕ್ ಆಮ್ಲಗಳು ಋಣ ಆವೇಶ. ಹಿಸ್ಟಿಡಿನ್ ಸುತ್ತಲಿನ ಆಮ್ಲೀಯತೆ ನೋಡಿಕೊಂಡು ಪಕ್ಷ ಬದಲಿಸುತ್ತದೆ. ಒಂದು ಆವೇಶ ಹೆಚ್ಚುಕಡಿಮೆಯಾದರೂ ಅದು ಅಳತೆಗೆ ಸಿಕ್ಕಿಬೀಳುತ್ತದೆ. 1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ಕುಡುಗೋಲು ಕಣ ರೋಗಿಗಳ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆ ವೇಗದಲ್ಲಿ ಚಲಿಸುತ್ತದೆಂದು ತೋರಿಸಿದರು. ಕೆಲವು ವರ್ಷಗಳ ನಂತರ ಕೇಂಬ್ರಿಜ್‌ನಲ್ಲಿ ವರ್ನನ್ ಇಂಗ್ರಾಂ ಅದರ ಮೂಲವನ್ನು ಕಂಡುಹಿಡಿದರು: ಒಂದು ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲಿನ್ ಬಂದು ಕುಳಿತಿತ್ತು. ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿಕೊಳ್ಳಲು ವ್ಯಾಲಿನ್ನಿನ ಜಲವಿಮುಖ ಗುಣ ಕಾರಣ. ಆದರೆ ರೋಗವನ್ನು ಅಣುವಿನ ಮಟ್ಟದಲ್ಲಿ ಪತ್ತೆಹಚ್ಚಿಕೊಟ್ಟದ್ದು ಕಾಣೆಯಾಗಿದ್ದ ಆ ಋಣ ಆವೇಶ. ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಆದಿವಾಸಿ ಸಮುದಾಯಗಳಲ್ಲಿ ಈ ರೋಗ ಇಂದಿಗೂ ಇದೆ ಎಂಬುದನ್ನು ನೆನೆದರೆ, ಇದು ಪ್ರಯೋಗಾಲಯದೊಳಗಿನ ಕುತೂಹಲ ಮಾತ್ರವೆಂದು ಯಾರೂ ಹೇಳಲಾರರು.

ಇನ್ನೊಂದು ಉದಾಹರಣೆ ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು. 2020ರಲ್ಲಿ ಜಗತ್ತಿನ ಸಮ್ಮೇಳನಗಳಿಗೆಲ್ಲ ಬೀಗ ಹಾಕಿಸಿದ ಕೊರೊನಾ ವೈರಾಣು ನಮ್ಮ ಜೀವಕೋಶಕ್ಕೆ ಹಿಡಿದುಕೊಳ್ಳುವುದರಲ್ಲಿ ಆವೇಶಗಳ ಪಾತ್ರವಿದೆ. ಕೋಶದ ಮೇಲಿನ ಎಸಿಇ-2 ಪ್ರೋಟೀನಿನ ಮೇಲ್ಮೈ ಹೆಚ್ಚಾಗಿ ಋಣ ಆವೇಶದ್ದು. ವೈರಾಣುವಿನ ಮುಳ್ಳು ಪ್ರೋಟೀನಿನ 417ನೆಯ ಸ್ಥಾನದ ಲೈಸಿನ್, ಎಸಿಇ-2ರ 30ನೆಯ ಸ್ಥಾನದ ಆಸ್ಪಾರ್ಟಿಕ್ ಆಮ್ಲದೊಂದಿಗೆ ಲವಣಸೇತು, ಅಂದರೆ ವಿರುದ್ಧ ಆವೇಶಗಳ ನಡುವಿನ ಬಂಧ, ಕಟ್ಟುತ್ತದೆ. ಮುಂದೆ ಬಂದ ಡೆಲ್ಟಾ ರೂಪಾಂತರಿಯಲ್ಲಿ 452 ಮತ್ತು 478ನೆಯ ಸ್ಥಾನಗಳಿಗೆ ಧನ ಆವೇಶದ ಅಮೈನೋ ಆಮ್ಲಗಳು ಬಂದವು. ಓಮಿಕ್ರಾನ್ ಆ ಭಾಗವನ್ನು ಇನ್ನಷ್ಟು ಧನಾತ್ಮಕವಾಗಿಸಿತು. ಈ ಶಾಸ್ತ್ರದವರು ಪ್ರಯಾಣ ರದ್ದುಮಾಡಿ ಮನೆಯಲ್ಲಿ ಕುಳಿತ ದಿನಗಳಲ್ಲೇ ಅವರ ಶಾಸ್ತ್ರಕ್ಕೆ ಎಂದಿಲ್ಲದ ತುರ್ತು ಬಂದಿತ್ತು.

ಹಾಗಾದರೆ ವಿವಾದವೆಲ್ಲಿದೆ? ಎರಡು ಆವೇಶಗಳ ನಡುವಿನ ಬಲದ ನಿಯಮವನ್ನು ಕೂಲಂಬ್ 1785ರಲ್ಲೇ ಕೊಟ್ಟಾಗಿದೆ. ಶಾಲೆಯ ಹುಡುಗರೂ ಅದನ್ನು ಬರೆಯುತ್ತಾರೆ. ಆ ಸೂತ್ರದ ಛೇದದಲ್ಲಿ ಒಂದು ಸಂಖ್ಯೆ ಅಡಗಿದೆ: ಡೈಎಲೆಕ್ಟ್ರಿಕ್ ಸ್ಥಿರಾಂಕ, ಅಂದರೆ ಎರಡು ಆವೇಶಗಳ ಸೆಳೆತವನ್ನು ನಡುವಿನ ಮಾಧ್ಯಮ ಎಷ್ಟು ಪಟ್ಟು ಮಂಕುಮಾಡುತ್ತದೆ ಎಂಬ ಅಳತೆ. ನೀರಿಗೆ ಅದು ಸುಮಾರು 80. ಉಪ್ಪು ನೀರಿನಲ್ಲಿ ಅಷ್ಟು ಸಲೀಸಾಗಿ ಕರಗುವುದರಲ್ಲಿ ಈ 80ರ ಪಾಲು ದೊಡ್ಡದು. ಎಣ್ಣೆಯಂಥ ವಸ್ತುಗಳಲ್ಲಿ ಅದು 2ರಿಂದ 4. ಪ್ರೋಟೀನಿನ ಒಡಲೊಳಗೆ ಎಷ್ಟು? ಇಲ್ಲಿಂದ ಜಗಳ ಶುರು. ಕೆಲವರು 4 ಎಂದರು, ಕೆಲವರು 20ರ ಸಮೀಪ ಎಂದರು. ರಸಾಯನಶಾಸ್ತ್ರಜ್ಞ ಆರಿಯೆ ವಾರ್ಷೆಲ್‌ರಂಥವರು, ಅದೊಂದು ನಿಸರ್ಗದ ಸ್ಥಿರಾಂಕವೇ ಅಲ್ಲ, ನಿಮ್ಮ ಮಾದರಿಯಲ್ಲಿ ನೀವು ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೋ ಅದನ್ನೆಲ್ಲ ತುಂಬಿಸಿಡುವ ಸಂಖ್ಯೆ ಎಂದು ವಾದಿಸಿದರು. ಈ ವ್ಯತ್ಯಾಸ ಪಂಡಿತರ ಕೂದಲು ಸೀಳುವಿಕೆಯೆಂದು ಭಾವಿಸಬೇಡಿ. 5 ಆಂಗ್‌ಸ್ಟ್ರಾಂ ದೂರದಲ್ಲಿರುವ ಎರಡು ಏಕಮಾನ ಆವೇಶಗಳ ಶಕ್ತಿಯನ್ನು ಲೆಕ್ಕ ಹಾಕಿದರೆ, ಸ್ಥಿರಾಂಕ 4 ಎಂದಾಗ ಮೋಲ್‌ಗೆ ಸುಮಾರು 16.6 ಕಿಲೋಕ್ಯಾಲೊರಿ, 20 ಎಂದಾಗ ಸುಮಾರು 3.3, ನೀರಿನಲ್ಲಾದರೆ 1ಕ್ಕೂ ಕಡಿಮೆ. ಸುಮಾರು 1.4 ಕಿಲೋಕ್ಯಾಲೊರಿ ಆಚೀಚೆಯಾದರೆ ಅಮೈನೋ ಆಮ್ಲ ತನ್ನ ಆವೇಶ ಬದಲಿಸುವ ಪಿಎಚ್ ಮಾನ ಒಂದು ಪೂರ್ತಿ ಅಂಕ ಸರಿಯುತ್ತದೆ. ಅಂದರೆ ಆಯ್ದುಕೊಂಡ ಒಂದು ಸಂಖ್ಯೆಯ ಮೇಲೆ, ಒಂದು ಕಿಣ್ವ ಕೆಲಸ ಮಾಡುತ್ತದೋ ಇಲ್ಲವೋ ಎಂಬ ತೀರ್ಮಾನವೇ ತಲೆಕೆಳಗಾಗಬಹುದು.

ಈ ಜಗಳಕ್ಕೆ ನೂರು ವರ್ಷದ ಇತಿಹಾಸವಿದೆ. ಕೋಪನ್‌ಹೇಗನ್ನಿನ ಲಿಂಡರ್‌ಸ್ಟ್ರೋಮ್-ಲಾಂಗ್ 1924ರಲ್ಲಿ ಪ್ರೋಟೀನನ್ನು ಒಂದು ಗೋಲವೆಂದು ಭಾವಿಸಿ, ಆವೇಶವನ್ನೆಲ್ಲ ಅದರ ಮೈಮೇಲೆ ಸಮನಾಗಿ ಹರಡಿ ಲೆಕ್ಕ ಮಾಡಿದರು. 1957ರಲ್ಲಿ ಟ್ಯಾನ್‌ಫೋರ್ಡ್ ಮತ್ತು ಕರ್ಕ್‌ವುಡ್ ಆ ಆವೇಶಗಳನ್ನು ಬಿಡಿ ಬಿಡಿ ಬಿಂದುಗಳಾಗಿಸಿದರು. ಗೋಲ ಮಾತ್ರ ಗೋಲವಾಗಿಯೇ ಉಳಿಯಿತು, ಏಕೆಂದರೆ ಆಗಿನ್ನೂ ಒಂದೇ ಒಂದು ಪ್ರೋಟೀನಿನ ಮೂರು ಆಯಾಮದ ರಚನೆ ಯಾರಿಗೂ ತಿಳಿದಿರಲಿಲ್ಲ. ಕೆಂಡ್ರೂ ಅವರ ಮೈಯೋಗ್ಲೋಬಿನ್ ಬಂದದ್ದು ಮರುವರ್ಷ. ಪ್ರೋಟೀನ್ ರಚನೆಗಳ ಸಾರ್ವಜನಿಕ ಭಂಡಾರ 1971ರಲ್ಲಿ ಏಳು ರಚನೆಗಳೊಂದಿಗೆ ಆರಂಭವಾಯಿತು. ಇಂದು ಅಲ್ಲಿ 2 ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಡೆಲ್‌ಫೈ, ಎಪಿಬಿಎಸ್, ಪ್ರೋಪ್‌ಕಾ ಮುಂತಾದ ತಂತ್ರಾಂಶಗಳು ಯಾವ ವಿದ್ಯಾರ್ಥಿಗಾದರೂ ಎಟಕುವಂತಿವೆ. ಇಷ್ಟಾದರೂ ಆ ಒಂದು ಸಂಖ್ಯೆಯ ಜಗಳ ಮುಗಿದಿಲ್ಲ.

ಈಗ ಎರಡನೆಯ ಮಾತಿಗೆ ಬರುತ್ತೇನೆ. ಮಾಹಿತಿ ಭಂಡಾರ ತೆರೆದಿದೆ, ತಂತ್ರಾಂಶ ತೆರೆದಿದೆ, ಪ್ರಬಂಧಗಳು ಅಚ್ಚಾಗುವ ಮೊದಲೇ ಬಯೊಆರ್ಕೈವ್ ಎಂಬ ಜಾಲತಾಣದಲ್ಲಿ ಸಿಗುತ್ತವೆ. ಬಹುಪಾಲು ಕೆಲಸ ಕಂಪ್ಯೂಟರಿನಲ್ಲೇ ನಡೆಯುವ ಶಾಸ್ತ್ರವಿದು. ಇಂಥ ಶಾಸ್ತ್ರದವರಿಗೆ ವಿಮಾನ ಹತ್ತಿ ಒಂದೆಡೆ ಸೇರುವ ಅಗತ್ಯವೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹುಡುಕಲು, ಸಮ್ಮೇಳನವೆಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತಿವೆ ಎಂದು ಗುರುತಿಸಬೇಕು. ಒಂದು, ಮುಗಿದ ಫಲಿತಾಂಶವನ್ನು ಸಭೆಗೆ ಓದಿ ಹೇಳುವುದು. ಇನ್ನೊಂದು, ಮುಗಿಯದ ಭಿನ್ನಾಭಿಪ್ರಾಯವನ್ನು ಎದುರುಬದುರು ಕುಳಿತು ಒರೆಗೆ ಹಚ್ಚುವುದು. ನಮ್ಮ ವೇಳಾಪಟ್ಟಿಗಳು ಮೊದಲನೆಯದಕ್ಕೆ ದಿನದ ಬಹುಪಾಲು ಕೊಡುತ್ತವೆ. ಎರಡನೆಯದು ಊಟದ ಸಾಲಿಗೆ, ಪೋಸ್ಟರುಗಳ ಮುಂದಿನ ನಿಲುಗಡೆಗೆ ಬಿಟ್ಟದ್ದು. ಈ ಎರಡನ್ನೂ ಒಂದೇ ಮೂಟೆಯಾಗಿ ಕಟ್ಟಿ ಪರದೆಗೆ ಸಾಗಿಸಿದ್ದೇ 2020ರ ಮುಖ್ಯ ದೋಷವೆಂಬುದು ನನ್ನ ವಾದ. ವೇಳಾಪಟ್ಟಿ ದಾಟಿತು, ಬಿಡುವಿನ ಹೊತ್ತು ಕಳಚಿಬಿತ್ತು. ಬಿಡುವಿನ ಹೊತ್ತಿನಲ್ಲಿ ನಡೆಯುತ್ತಿದ್ದ ಕೆಲಸಕ್ಕೆ ಪಟ್ಟಿಯಲ್ಲಿ ಹೆಸರೇ ಇರಲಿಲ್ಲವಾದ್ದರಿಂದ, ಅದು ಹೋದದ್ದು ತಕ್ಷಣ ಯಾರ ಗಮನಕ್ಕೂ ಬರಲಿಲ್ಲ.

ಈ ಎರಡನೆಯ ಕೆಲಸ ಹೇಗಿರುತ್ತದೆ ಎಂಬುದಕ್ಕೆ ನಮ್ಮ ಶಾಸ್ತ್ರದಲ್ಲೇ ಒಂದು ಒಳ್ಳೆಯ ಮಾದರಿ ಇದೆ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಬರ್ಟ್ರಾಂಡ್ ಗಾರ್ಸಿಯಾ-ಮೊರೇನೊ ಅವರ ತಂಡ, ಸ್ಟ್ಯಾಫಿಲೊಕಾಕಲ್ ನ್ಯೂಕ್ಲಿಯೇಸ್ ಎಂಬ ಒಂದು ಪುಟ್ಟ ಕಿಣ್ವದ ಒಳಭಾಗದಲ್ಲಿ 25 ಸ್ಥಾನಗಳನ್ನು ಆರಿಸಿ, ಅಲ್ಲೆಲ್ಲ ಆವೇಶ ಹೊರಬಲ್ಲ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಕೂರಿಸಿ ಅಳೆಯಿತು. ಒಂದು ಅಮೈನೋ ಆಮ್ಲ ಅರ್ಧದಷ್ಟು ಅಣುಗಳಲ್ಲಿ ಪ್ರೋಟಾನನ್ನು ಬಿಟ್ಟುಕೊಡುವ ಪಿಎಚ್‌ಗೆ ಪಿಕೆಎ ಎನ್ನುತ್ತಾರೆ. ನೀರಿನಲ್ಲಿ ಲೈಸಿನ್ನಿನ ಪಿಕೆಎ ಸುಮಾರು 10.4. ಪ್ರೋಟೀನಿನ ಒಡಲಲ್ಲಿ ಹೂತಾಗ ಅದು ಹಲವು ಕಡೆ ಕೆಳಗಿಳಿಯಿತು, ಕೆಲವು ಸ್ಥಾನಗಳಲ್ಲಿ 5.3ರವರೆಗೂ. ಆರ್ಜಿನೈನ್ ಮಾತ್ರ ಅದೇ 25 ಸ್ಥಾನಗಳಲ್ಲೂ ತನ್ನ ಆವೇಶ ಬಿಡಲಿಲ್ಲ. ಎಣ್ಣೆಯಂಥ ಪರಿಸರದಲ್ಲಿ ಆವೇಶ ಬದುಕಲಾರದೆಂದು ಪಾಠ ಮಾಡುತ್ತಿದ್ದವರಿಗೆ ಇದು ಮುಖಾಮುಖಿ ಸವಾಲು. ಈ ಅಳತೆಗಳನ್ನು ಆಧರಿಸಿ ‘ಪಿಕೆಎ ಕೋಆಪರೇಟಿವ್’ ಎಂಬ ಒಕ್ಕೂಟ ಕಟ್ಟಿದರು. ಅದರ ಕ್ರಮ ಸರಳ: ಅಳತೆಯ ಫಲಿತಾಂಶವನ್ನು ಗುಟ್ಟಾಗಿಟ್ಟು, ಲೆಕ್ಕ ಮಾಡುವ ತಂಡಗಳಿಗೆಲ್ಲ ಪ್ರಶ್ನೆಯನ್ನು ಮಾತ್ರ ಕೊಡುವುದು. ಎಲ್ಲರ ಉತ್ತರ ಬಂದ ಮೇಲೆ ಅಳತೆಯನ್ನು ಬಯಲು ಮಾಡಿ ಒಟ್ಟಿಗೆ ಕುಳಿತು ನೋಡುವುದು. ಆ ಪ್ರಯತ್ನದ ವರದಿಗಳು 2011ರಲ್ಲಿ ‘ಪ್ರೋಟೀನ್ಸ್’ ಪತ್ರಿಕೆಯಲ್ಲಿ ಒಟ್ಟಾಗಿ ಬಂದವು. ತಂಡಗಳ ಉತ್ತರಗಳು ಒಂದಕ್ಕೊಂದು ದೂರವಿದ್ದವು. ಆವೇಶ ಬಂದು ಕುಳಿತಾಗ ಪ್ರೋಟೀನ್ ತನ್ನ ಆಕಾರವನ್ನೇ ಸಡಿಲಿಸಿ ನೀರಿಗೆ ದಾರಿ ಬಿಡುತ್ತದೆಂಬ ಸಂಗತಿಯನ್ನು ಹಿಡಿಯಲಾಗದ ಮಾದರಿಗಳು ದಾರಿ ತಪ್ಪಿದ್ದವು. ಹಲವು ದಶಕ ಪ್ರಬಂಧಗಳಲ್ಲಿ ಹರಿದಾಡಿದ ವಿವಾದಕ್ಕೆ ಒಂದು ಹಿಡಿಕೆ ಸಿಕ್ಕಿತು: ಯಾವ ಸ್ಥಾನದಲ್ಲಿ, ಯಾರ ಲೆಕ್ಕ, ಯಾಕೆ ತಪ್ಪಿತು?

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಈ ಕೆಲಸದ ಬಹುಭಾಗ ಸಭೆಗೆ ಮುಂಚೆಯೇ, ಅವರವರ ಊರಲ್ಲೇ, ತಿಂಗಳುಗಟ್ಟಲೆ ನಡೆದದ್ದು. ಸಭೆಗೆ ಬಂದವರು ಕೈಬೀಸಿಕೊಂಡು ಬಂದಿರಲಿಲ್ಲ; ತಮ್ಮ ಹೆಸರಿಗೆ ಅಂಟಿದ ಒಂದು ಸಂಖ್ಯೆಯನ್ನು ಹೊತ್ತು ಬಂದಿದ್ದರು. ವಿವಾದ ಫಲಿಸಲು ಮುಖಾಮುಖಿ ಕೂರುವುದಕ್ಕಿಂತ ಈ ಮೊದಲ ಸಿದ್ಧತೆ ಹೆಚ್ಚು ಮುಖ್ಯವೆಂದು ನನಗೆ ತೋರುತ್ತದೆ. ಆದ್ದರಿಂದ ಪರದೆ ಸಲ್ಲದು ಎಂದು ಸುಮ್ಮನೆ ತಳ್ಳಿಹಾಕುವವರ ಪಕ್ಷ ನನ್ನದಲ್ಲ. ಪರದೆಗೆ ತಕ್ಕ ಹಾಗೆ ಸಭೆಯನ್ನೇ ಮರುರಚಿಸಬೇಕೆಂಬುದು ನನ್ನ ಪಕ್ಷ.

ಇನ್ನು 2020ರ ಸಾಕ್ಷ್ಯ. ಆ ವರ್ಷ ಅಮೆರಿಕನ್ ಫಿಸಿಕಲ್ ಸೊಸೈಟಿಯ ಮಾರ್ಚ್ ಸಮ್ಮೇಳನ ಡೆನ್ವರ್ ನಗರದಲ್ಲಿ ಮಾರ್ಚ್ 2ರಂದು ಶುರುವಾಗಬೇಕಿತ್ತು. ಹತ್ತು ಸಾವಿರಕ್ಕೂ ಹೆಚ್ಚು ಜನರ ನಿರೀಕ್ಷೆಯಿತ್ತು. ಕೆಲವರು ಆಗಲೇ ಊರು ತಲುಪಿದ್ದರು. ಎರಡೇ ದಿನ ಮುಂಚೆ ರದ್ದಾಯಿತು. ಮುಂದಿನ ವಾರಗಳಲ್ಲಿ ಸಮ್ಮೇಳನಗಳು ಒಂದರ ಹಿಂದೊಂದು ಜಾಲಕ್ಕೆ ಸರಿದವು. ಕೃತಕ ಬುದ್ಧಿಮತ್ತೆಯ ಐಸಿಎಲ್‌ಆರ್ ಸಮ್ಮೇಳನದ ಕತೆ ಇನ್ನೂ ಸೂಕ್ಷ್ಮ. 2018ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ಇನ್ನೊಂದು ಸಮ್ಮೇಳನಕ್ಕೆ ಬರಬೇಕಿದ್ದ ಆಫ್ರಿಕಾದ ಅನೇಕ ಸಂಶೋಧಕರಿಗೆ ವೀಸಾ ಸಿಕ್ಕಿರಲಿಲ್ಲ. ಆ ಅನ್ಯಾಯದ ನೆನಪು ಹಸಿಯಾಗಿರುವಾಗಲೇ 2020ರ ಐಸಿಎಲ್‌ಆರ್ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ನಿಗದಿಯಾಯಿತು. ಕೊನೆಗೆ ಅದೂ ಪರದೆಗೆ ಸರಿಯಿತು. ವೀಸಾದ ತೊಡಕು ಎಲ್ಲರಿಗೂ ಒಮ್ಮೆಲೇ ಕಳೆಯಿತು; ಆಫ್ರಿಕಾದ ನೆಲದ ಮೇಲೆ ಎಲ್ಲರೂ ಬಂದು ಸೇರುವ ಅವಕಾಶವೂ ಅದರೊಂದಿಗೇ ಹೋಯಿತು. ಲಾಭ ನಷ್ಟ ಎರಡೂ ಒಂದೇ ನಿರ್ಧಾರದಲ್ಲಿ ಹೆಣೆದುಕೊಂಡಿರುವುದನ್ನು ಇಷ್ಟು ಚೊಕ್ಕವಾಗಿ ತೋರಿಸುವ ಬೇರೆ ನಿದರ್ಶನ ನನಗೆ ಗೊತ್ತಿಲ್ಲ.

ನಮ್ಮ ಶಾಸ್ತ್ರಕ್ಕೆ ನೆರೆಮನೆಯಾದ ಒಂದು ನಿದರ್ಶನ ಇನ್ನೂ ಮುಖ್ಯ. ಪ್ರೋಟೀನಿನ ಅಮೈನೋ ಆಮ್ಲಗಳ ಕ್ರಮವನ್ನಷ್ಟೇ ಕೊಟ್ಟು ಅದರ ಆಕಾರವನ್ನು ಊಹಿಸಲು ಹೇಳುವ ಕ್ಯಾಸ್ಪ್ ಎಂಬ ಪರೀಕ್ಷೆ 1994ರಿಂದ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದೆ. ಇದರಲ್ಲೂ ಉತ್ತರ ಗುಟ್ಟಾಗಿರುತ್ತದೆ. ಲೆಕ್ಕ ಮಾಡಿದವರು ಬೇರೆ, ಮೌಲ್ಯಮಾಪಕರು ಬೇರೆ. ಅದರ ಹದಿನಾಲ್ಕನೆಯ ಸುತ್ತಿನ ಸಮ್ಮೇಳನ 2020ರ ನವೆಂಬರ್ 30ರಂದು ಆನ್‌ಲೈನ್‌ನಲ್ಲಿ ಆರಂಭವಾಯಿತು. ಡೀಪ್‌ಮೈಂಡ್ ಸಂಸ್ಥೆಯ ಆಲ್ಫಾಫೋಲ್ಡ್ 2 ಉಳಿದೆಲ್ಲರನ್ನೂ ಹಿಂದಿಕ್ಕಿದ ಸುದ್ದಿ ಹೊರಬಿದ್ದದ್ದು ಅಂದೇ. 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಗೆ ಪಾತ್ರವಾದ ಈ ಸಾಧನೆ ಜಗತ್ತಿಗೆ ತಿಳಿಯಲು ಯಾವ ಸಭಾಂಗಣವೂ ಬೇಕಾಗಲಿಲ್ಲ. ಅಷ್ಟೇ ಅಲ್ಲ, ವಿಧಾನದ ಪೂರ್ಣ ವಿವರ ಪ್ರಕಟವಾದದ್ದು 2021ರ ಜುಲೈನಲ್ಲಿ. ಅದಕ್ಕೆ ಮುಂಚೆಯೇ, ಆ ಸಮ್ಮೇಳನದ ಭಾಷಣದಲ್ಲಿ ಕೇಳಿದ ಸೂಚನೆಗಳನ್ನು ಹಿಡಿದು ಡೇವಿಡ್ ಬೇಕರ್ ಅವರ ತಂಡ ರೋಸೆಟಾಫೋಲ್ಡ್ ಎಂಬ ತನ್ನದೇ ವ್ಯವಸ್ಥೆಯನ್ನು ಕಟ್ಟತೊಡಗಿತ್ತು. ಅಂದರೆ ಫಲಿತಾಂಶವನ್ನು ಹೇಳುವ, ಕೇಳುವ, ಕೇಳಿದ್ದರಿಂದ ಕಲಿಯುವ ಕೆಲಸಕ್ಕೆ ಪರದೆಯಿಂದ ಕೊರತೆಯಾಗಲಿಲ್ಲ. ಏಕೆ ಆಗಲಿಲ್ಲ? ಒಪ್ಪಿಕೊಂಡ ಅಳತೆಗೋಲು, ನಿಷ್ಪಕ್ಷಪಾತ ತೀರ್ಪುಗಾರರು, ಮೊದಲೇ ಒಪ್ಪಿಸಿದ ಉತ್ತರಗಳು ಇವೆಲ್ಲ ಸಭೆಗೆ ಮುಂಚೆಯೇ ಸಿದ್ಧವಿದ್ದವು. (ಆಲ್ಫಾಫೋಲ್ಡ್ ಬಂದ ಮೇಲೆ ಆವೇಶಗಳ ಶಾಸ್ತ್ರಕ್ಕೆ ಕೆಲಸವಿಲ್ಲವೆಂದು ಯಾರಾದರೂ ಭಾವಿಸಿದ್ದರೆ ಒಂದು ಮಾತು: ಅದು ಆಕಾರ ಹೇಳುತ್ತದೆ, ಯಾವ ಪಿಎಚ್‌ನಲ್ಲಿ ಯಾವ ಹಿಸ್ಟಿಡಿನ್ ಆವೇಶ ಹೊತ್ತಿರುತ್ತದೆಂದು ಹೇಳುವುದಿಲ್ಲ.)

ಪರಿಸರದ ಲೆಕ್ಕವನ್ನೂ ಮರೆಯುವಂತಿಲ್ಲ. ಅಮೆರಿಕನ್ ಭೂಭೌತ ಒಕ್ಕೂಟದ 2019ರ ಸಮ್ಮೇಳನಕ್ಕೆ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದ ಸುಮಾರು 28 ಸಾವಿರ ಪ್ರತಿನಿಧಿಗಳ ಪ್ರಯಾಣದಿಂದ ಸುಮಾರು 80 ಸಾವಿರ ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲ ಹೊಮ್ಮಿತೆಂದು 2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಂದಾಜು ಬಂತು. ಅವರು ಹೋಗಿಬಂದ ದೂರವನ್ನು ಕೂಡಿದರೆ ಭೂಮಿಯಿಂದ ಸೂರ್ಯನಿಗಿರುವ ದೂರದ ಎರಡು ಪಟ್ಟಿಗೆ ಸಮೀಪ. ಹವಾಮಾನ ಬದಲಾವಣೆಯ ಬಗ್ಗೆ ಎಚ್ಚರಿಸುವವರೇ ಹೆಚ್ಚಾಗಿ ಸೇರುವ ಸಭೆಯಲ್ಲಿ ಈ ಮುಜುಗರ ಇನ್ನೂ ಹೆಚ್ಚು. ಪ್ರೋಟೀನ್ ಆವೇಶದವರ ಸಭೆಗಳು ಇದರ ನೂರರಲ್ಲೊಂದು ಪಾಲೂ ಇಲ್ಲ ಎಂಬುದು ನಿಜ. ಆದರೆ ಒಬ್ಬೊಬ್ಬರ ಪಾಲಿಗೆ ಬರುವ ಹೊರೆ ಅಷ್ಟೇ.

ಈವರೆಗೆ ಲಾಭದ ಕಡೆಯನ್ನೇ ಹೇಳಿದೆ. ಈಗ ನಷ್ಟದ ಕಡೆ ತಿರುಗೋಣ, ಅಲ್ಲಿಯೂ ಅಳತೆಗಳಿವೆ. 2012ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞರ ವಾರ್ಷಿಕ ಸಮ್ಮೇಳನ ನ್ಯೂ ಆರ್ಲಿಯನ್ಸ್‌ನಲ್ಲಿ ನಡೆಯಬೇಕಿದ್ದು, ಐಸಾಕ್ ಚಂಡಮಾರುತದಿಂದ ರದ್ದಾಯಿತು. ಎಲ್ಲ ಸಿದ್ಧತೆಯಾಗಿ, ಪ್ರಬಂಧಗಳೂ ಸಿದ್ಧವಿದ್ದು, ಭೇಟಿಯೊಂದು ಮಾತ್ರ ತಪ್ಪಿದ್ದರಿಂದ ಅರ್ಥಶಾಸ್ತ್ರಜ್ಞರಿಗೆ ಇದೊಂದು ಸ್ವಾಭಾವಿಕ ಪ್ರಯೋಗವಾಗಿ ಒದಗಿತು. ಇತರ ವರ್ಷಗಳೊಂದಿಗೆ ಹೋಲಿಸಿದಾಗ, ಅಲ್ಲಿ ಸೇರಬೇಕಿದ್ದವರು ಮುಂದೆ ಜೊತೆಗೂಡಿ ಬರೆಯುವ ಸಾಧ್ಯತೆ ತಗ್ಗಿತ್ತು. ಎರಡನೆಯದು, 2022ರಲ್ಲಿ ಮೆಲನಿ ಬ್ರಕ್ಸ್ ಮತ್ತು ಜೊನಾಥನ್ ಲೆವಾವ್ ‘ನೇಚರ್’ನಲ್ಲಿ ಪ್ರಕಟಿಸಿದ ಅಧ್ಯಯನ. ಪ್ರಯೋಗಾಲಯದಲ್ಲೂ, ಯೂರೋಪ್, ಮಧ್ಯಪ್ರಾಚ್ಯ ಮತ್ತು ದಕ್ಷಿಣ ಏಷ್ಯಾದ ಐದು ದೇಶಗಳ ಎಂಜಿನಿಯರುಗಳ ನಡುವೆಯೂ ಅವರು ಪರೀಕ್ಷಿಸಿದರು. ಪರದೆಯಲ್ಲಿ ಮಾತಾಡಿದ ಜೋಡಿಗಳಿಗೆ ಹೊಸ ಆಲೋಚನೆಗಳು ಕಡಿಮೆ ಹೊಳೆದವು; ಆದರೆ ಹೊಳೆದ ಆಲೋಚನೆಗಳಲ್ಲಿ ಒಳ್ಳೆಯದನ್ನು ಆರಿಸುವುದರಲ್ಲಿ ಅವರೇನೂ ಹಿಂದೆ ಬೀಳಲಿಲ್ಲ. ಕಣ್ಣು ಪರದೆಯ ಚೌಕಟ್ಟಿನೊಳಗೇ ನೆಟ್ಟಿರುವಾಗ ಮನಸ್ಸಿನ ಅಲೆದಾಟವೂ ಕಿರಿದಾಗುತ್ತದೆ ಎಂಬುದು ಅವರ ವಿವರಣೆ. ನನ್ನ ವಿಂಗಡಣೆಗೆ ಈ ಎರಡೂ ಅಧ್ಯಯನಗಳು ಹೊಂದುತ್ತವೆ. ಎದುರಿಗಿರುವುದನ್ನು ತೂಗಿ ನೋಡುವುದು, ತಪ್ಪು ಹಿಡಿಯುವುದು, ಆರಿಸುವುದು ಇವು ಪರದೆಯಲ್ಲಿ ನಡೆಯುತ್ತವೆ. ಗುರುತಿಲ್ಲದವರೊಂದಿಗೆ ಹೊಸ ಕೆಲಸ ಮೊಳೆಯುವುದು ಅಲ್ಲಿ ಕಷ್ಟ.

ಇನ್ನು ಆಕ್ಷೇಪಗಳು. ಮೊದಲನೆಯದು ಅತ್ಯಂತ ಜನಪ್ರಿಯವಾದದ್ದು: ಕಾಫಿ ಕುಡಿಯುವಾಗಿನ ಮಾತಿನಲ್ಲೇ ವಿಜ್ಞಾನ ಹುಟ್ಟುತ್ತದೆ, ಅದಿಲ್ಲದ ಸಮ್ಮೇಳನ ಸಂತೆಯಿಲ್ಲದ ಊರಿನಂತೆ ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ, ಈಗಷ್ಟೇ ಹೇಳಿದ ಅಧ್ಯಯನಗಳೂ ಅದನ್ನು ಬೆಂಬಲಿಸುತ್ತವೆ. ಆದರೆ ಆ ಕಾಫಿಯ ಸುತ್ತ ನಿಂತವರು ಯಾರೆಂದು ಕೇಳಬೇಕು. ನೋಂದಣಿ ಶುಲ್ಕ ಡಾಲರಿನಲ್ಲಿ, ವಿಮಾನದ ಟಿಕೆಟ್ಟು, ವೀಸಾಕ್ಕೆ ತಿಂಗಳುಗಟ್ಟಲೆ ಕಾಯುವುದು ಇವನ್ನೆಲ್ಲ ದಾಟಿ ಕಲಬುರಗಿಯಿಂದಲೋ ಧಾರವಾಡದಿಂದಲೋ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಅಲ್ಲಿ ನಿಲ್ಲುವುದು ಅಪರೂಪ. ಆಕೆಗೆ ಆ ಆಕಸ್ಮಿಕ ಭೇಟಿಯ ಲಾಭ ಮೊದಲಿನಿಂದಲೂ ಇರಲೇ ಇಲ್ಲ. ಆನ್‌ಲೈನ್ ಸಮ್ಮೇಳನ ಆಕೆಯಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ, ಕೊಂಚ ಕೊಟ್ಟಿತು. ಆಕ್ಷೇಪ ಎತ್ತುವವರು ಹೆಚ್ಚಾಗಿ ಕಾಫಿ ಸಿಕ್ಕವರು. ಹಾಗೆಂದು ಅವರ ಮಾತನ್ನು ತಳ್ಳಿಹಾಕಬೇಕಿಲ್ಲ, ಕಾಫಿಯನ್ನು ಹಂಚುವ ದಾರಿ ಹುಡುಕಬೇಕು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಪ್ರಕಟವಾಗದ ಕೆಲಸವನ್ನು ಜನ ಪರದೆಯ ಮುಂದೆ ಬಿಚ್ಚಿಡುವುದಿಲ್ಲ. 1931ರಲ್ಲಿ ನೀಲ್ ಗಾರ್ಡನ್ ಆರಂಭಿಸಿದ, ಇಂದು ಅವರ ಹೆಸರಿನಲ್ಲೇ ನಡೆಯುವ ಸಮ್ಮೇಳನಗಳಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ಅಲ್ಲಿ ಹೇಳಿದ್ದನ್ನು ಹೊರಗೆ ಉದ್ಧರಿಸುವಂತಿಲ್ಲ, ದಾಖಲಿಸುವಂತಿಲ್ಲ. ಅರ್ಧ ಬೆಂದ ಅಳತೆಯನ್ನೂ, ಕೈಕೊಟ್ಟ ಲೆಕ್ಕವನ್ನೂ ಎಲ್ಲರ ಮುಂದಿಡಲು ಈ ನಂಬಿಕೆ ಬೇಕು. ಪರದೆಯಲ್ಲಿ ಯಾರು ಎಲ್ಲಿಂದ ದಾಖಲಿಸಿಕೊಳ್ಳುತ್ತಿದ್ದಾರೆಂದು ತಿಳಿಯುವುದಿಲ್ಲ. ಈ ಭಯಕ್ಕೆ ತಾಂತ್ರಿಕ ಪರಿಹಾರ ಪೂರ್ತಿಯಾಗಿ ಇಲ್ಲವೆಂದು ಒಪ್ಪಬೇಕು. ಆದರೆ ಗುಟ್ಟು ಉತ್ತರದ ಪರೀಕ್ಷೆ ಇಲ್ಲಿ ಅನಿರೀಕ್ಷಿತವಾಗಿ ನೆರವಿಗೆ ಬರುತ್ತದೆ. ಎಲ್ಲರೂ ಒಂದೇ ಪ್ರಶ್ನೆಗೆ ಉತ್ತರ ಕೊಟ್ಟಿರುವಾಗ, ಎಲ್ಲರ ತಪ್ಪೂ ಒಟ್ಟಿಗೆ ಬಯಲಾಗುವಾಗ, ಒಬ್ಬನ ತಪ್ಪು ಒಂಟಿಯಾಗಿ ನಿಲ್ಲುವುದಿಲ್ಲ. ಬಚ್ಚಿಡಲು ಏನೂ ಉಳಿಯದಂತೆ ಪ್ರಶ್ನೆಯನ್ನೇ ಕಟ್ಟಿದರೆ ದಾಖಲೆಯ ಭಯ ತಾನಾಗಿ ತಗ್ಗುತ್ತದೆ. ಉಳಿದ ಗುಟ್ಟಿನ ಮಾತಿಗೆ, ಇಪ್ಪತ್ತು ಮೂವತ್ತು ಜನರ ಮುಖಾಮುಖಿ ಸಭೆಯೇ ಸರಿ. ಅಂಥ ಸಭೆಗಳನ್ನು ಪರದೆಗೆ ಎಳೆಯಬೇಕೆಂದು ನಾನು ಹೇಳುವುದಿಲ್ಲ.

ಮೂರನೆಯದನ್ನು ಬೇಗ ಮುಗಿಸಬಹುದು. ಎರಡನ್ನೂ ಬೆರೆಸಿ, ಸಭಾಂಗಣದಲ್ಲಿ ಅರ್ಧ ಜನ, ಪರದೆಯಲ್ಲಿ ಅರ್ಧ ಜನ ಎಂದು ಮಾಡಿದರಾಗದೇ ಎನ್ನುತ್ತಾರೆ. ಆಗುತ್ತದೆ, ಆದರೆ ಪರದೆಯಲ್ಲಿರುವವರು ಎರಡನೆಯ ದರ್ಜೆಯ ಪ್ರೇಕ್ಷಕರಾಗುತ್ತಾರೆ. ಪ್ರಶ್ನೋತ್ತರದ ಹೊತ್ತು ಮುಗಿಯುತ್ತ ಬಂದಾಗ, ಎತ್ತಿದ ಕೈ ಕಾಣಿಸುತ್ತದೆ, ಟೈಪು ಮಾಡಿದ ಪ್ರಶ್ನೆ ಉಳಿದುಹೋಗುತ್ತದೆ. ಒಂದು ಕಲಾಪ ಒಂದೋ ಪೂರ್ತಿ ಪರದೆಯಲ್ಲಿರಲಿ, ಇಲ್ಲವೇ ಪೂರ್ತಿ ಎದುರುಬದುರಾಗಿರಲಿ.

ಹಾಗಾದರೆ ಪ್ರೋಟೀನ್ ಆವೇಶಗಳ ಸಮ್ಮೇಳನವನ್ನು ಪರದೆಗೆ ತರುವವರು ಏನು ಮಾಡಬೇಕು? ಉಪನ್ಯಾಸಗಳನ್ನು ಮೊದಲೇ ಧ್ವನಿಮುದ್ರಿಸಿ ತಿಂಗಳ ಮುಂಚೆ ಹಂಚಲಿ, ಅವು ಯಾರಿಗೂ ಮುಚ್ಚಿರಬಾರದು. ಬೆಂಗಳೂರಿನ ಹೆಸರಘಟ್ಟ ಹೋಬಳಿಯ ಐಸಿಟಿಎಸ್ ಸಂಸ್ಥೆ ತನ್ನ ಉಪನ್ಯಾಸಗಳನ್ನು ಯೂಟ್ಯೂಬಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿರುವುದು ಇದಕ್ಕೆ ನಮ್ಮಲ್ಲೇ ಇರುವ ಮಾದರಿ. ಎಲ್ಲರೂ ಒಟ್ಟಿಗೆ ಪರದೆಗೆ ಬರುವ ಹೊತ್ತು ದುಬಾರಿಯಾದದ್ದು. ಅದನ್ನು ಭಾಷಣ ಕೇಳಿಸುವುದಕ್ಕೆ ಖರ್ಚು ಮಾಡಬಾರದು. ಮೂರು ತಿಂಗಳ ಮುಂಚೆ ಒಂದು ಪ್ರಶ್ನೆಯನ್ನು ಹಂಚಬೇಕು: ಇಂಥ ಪ್ರೋಟೀನಿನ ಇಂಥ ಸ್ಥಾನಗಳಲ್ಲಿ ಪಿಕೆಎ ಎಷ್ಟು? ಉತ್ತರ ಒಪ್ಪಿಸಿದವರೆಲ್ಲ ಮಾತಾಡಲು ಅರ್ಹರು, ಅವರು ಪ್ರಾಧ್ಯಾಪಕರೋ ಎಂ.ಎಸ್ಸಿ. ವಿದ್ಯಾರ್ಥಿಯೋ ಎಂಬುದು ಲೆಕ್ಕಕ್ಕಿಲ್ಲ. ಈ ಶಾಸ್ತ್ರಕ್ಕೆ ಬೇಕಾದದ್ದು ಒಂದು ಲ್ಯಾಪ್‌ಟಾಪ್, ಉಚಿತ ತಂತ್ರಾಂಶ ಮತ್ತು ತಾಳ್ಮೆ. ಪ್ರಯೋಗಾಲಯದ ದೊಡ್ಡ ಯಂತ್ರಗಳಿಲ್ಲದ ಕಾಲೇಜಿನವರೂ ಸಮಾನವಾಗಿ ಸ್ಪರ್ಧಿಸಬಹುದಾದ ವಿರಳ ಕ್ಷೇತ್ರಗಳಲ್ಲಿ ಇದೊಂದು.

ಇದರ ಜೊತೆಗೆ ಕೆಲವು ವರ್ಷಕ್ಕೊಮ್ಮೆ ಮುಖಾಮುಖಿ ಸಭೆಯೂ ಇರಲಿ. ಆದರೆ ಅದರ ಪ್ರಯಾಣದ ಹಣ ಮೊದಲು ಕಿರಿಯರಿಗೆ ಹೋಗಲಿ. ಹಿರಿಯರಿಗೆ ಒಬ್ಬರನ್ನೊಬ್ಬರು ಗೊತ್ತು. ಗುರುತಿರುವವರು ಪರದೆಯಲ್ಲೂ ಚೆನ್ನಾಗಿ ಜಗಳವಾಡಬಲ್ಲರು. ಭೇಟಿ ತಪ್ಪಿದರೆ ನಷ್ಟವಾಗುವುದು ಇನ್ನೂ ಗುರುತಾಗದವರಿಗೆ. ಈ ಮಾತು ಅನೇಕ ಹಿರಿಯರಿಗೆ ಹಿಡಿಸಲಿಕ್ಕಿಲ್ಲ. ಆದರೆ 2012ರ ಆ ಚಂಡಮಾರುತದ ಲೆಕ್ಕವನ್ನು ಒಪ್ಪಿದರೆ ಈ ತೀರ್ಮಾನವನ್ನೂ ಒಪ್ಪಬೇಕಾಗುತ್ತದೆ.

ಕಾಫಿಯನ್ನು ಹಂಚುವ ಮಾತು ಹೇಳಿದೆನಲ್ಲ, ಅದಕ್ಕೆ ಒಂದು ದಾರಿ ಪ್ರಾದೇಶಿಕ ಕೇಂದ್ರಗಳು. ಎಲ್ಲರೂ ಒಂದೇ ಖಂಡಕ್ಕೆ ಹಾರುವ ಬದಲು ಮೂರು ನಾಲ್ಕು ಊರುಗಳಲ್ಲಿ ಸೇರಿ, ಕಲಾಪವನ್ನು ಪರದೆಯಲ್ಲಿ ಹಂಚಿಕೊಳ್ಳುವುದು. ಇಲ್ಲಿ ಎಲ್ಲ ಕೇಂದ್ರಗಳೂ ಪರದೆಯ ಮೂಲಕವೇ ಒಂದಕ್ಕೊಂದು ಸಿಗುವುದರಿಂದ ಯಾರೂ ಎರಡನೆಯ ದರ್ಜೆಯವರಾಗುವುದಿಲ್ಲ. ಬೆಂಗಳೂರು ಅಂಥ ಕೇಂದ್ರವಾಗಲು ತಕ್ಕದ್ದು. ಜಿ. ಎನ್. ರಾಮಚಂದ್ರನ್ ಕಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಯ ಅಣು ಜೈವಭೌತ ವಿಭಾಗ ಅಲ್ಲಿದೆ, ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ (ಎನ್‌ಸಿಬಿಎಸ್) ಇದೆ, ಜವಾಹರಲಾಲ್ ನೆಹರೂ ಕೇಂದ್ರವಿದೆ. ಧಾರವಾಡ, ಮಂಗಳೂರು, ಕಲಬುರಗಿಯ ವಿದ್ಯಾರ್ಥಿಗಳಿಗೆ ಅದು ಒಂದು ರಾತ್ರಿಯ ರೈಲು ಪ್ರಯಾಣದ ದೂರ.

ಕೊನೆಯದಾಗಿ, ಕಾರ್ಯಕ್ರಮ ಸಮಿತಿಗಳು ಕಡೆಯ ಗಳಿಗೆಯಲ್ಲಿ ಯೋಚಿಸುವ, ಮೊದಲು ಯೋಚಿಸಬೇಕಾದ ವಿಷಯ ಗಡಿಯಾರದ್ದು. ಬೇಸಿಗೆಯಲ್ಲಿ ಅಮೆರಿಕದ ಕೊಲರಾಡೊದಲ್ಲಿ ಬೆಳಗಿನ 9ಕ್ಕೆ ಕಲಾಪ ಆರಂಭಿಸಿದರೆ ನಮಗೆ ರಾತ್ರಿ 8:30. ಅಲ್ಲಿ ಸಂಜೆ 5ಕ್ಕೆ ಮುಗಿಯುವಾಗ ಇಲ್ಲಿ ಬೆಳಗಿನ ಜಾವ 4:30. ದಿನವಿಡೀ ನಡೆಯುವ ಸಮ್ಮೇಳನವನ್ನು ಹಾಗೇ ಪರದೆಗೆ ಹಾಕಿದವರು ನಮ್ಮನ್ನು ಆಹ್ವಾನಿಸಿಯೂ ಹೊರಗಿಟ್ಟಂತಾಯಿತು. ದಿನಕ್ಕೆ ಮೂರೇ ಗಂಟೆ ಸಾಕು. ಒಂದು ದಿನ ಭಾರತದ ಸಂಜೆ 6:30ಕ್ಕೆ ಶುರುವಾಗಲಿ: ಆಗ ಬಾಸ್ಟನ್‌ನಲ್ಲಿ ಬೆಳಗಿನ 9, ಬರ್ಲಿನ್‌ನಲ್ಲಿ ಮಧ್ಯಾಹ್ನ 3, ಟೋಕಿಯೊದವರಿಗೆ ಮಾತ್ರ ರಾತ್ರಿ 10. ಮರುದಿನ ಭಾರತದ ಬೆಳಗಿನ 9:30ಕ್ಕೆ: ಟೋಕಿಯೊದಲ್ಲಿ ಮಧ್ಯಾಹ್ನ 1, ಬಾಸ್ಟನ್‌ನಲ್ಲಿ ನಡುರಾತ್ರಿ. ಆ ದಿನ ನಿದ್ದೆಗೆಡುವ ಸರದಿ ಬಾಸ್ಟನ್‌ನವರದು.